ಬೀದರ ಸೀಮೆಯ ಬೋಧನ ಪರಂಪರೆಯಲ್ಲಿ ಪರ್ಯಾಲೋಚನೆ: ಕಲ್ಯಾಣದಿಂದ ಸಮಾಲೋಚನಾ ಸಭೆಯವರೆಗೆ

1. ವಿಷಯ ಪ್ರವೇಶ

ಕರ್ನಾಟಕದ ಶಿಕ್ಷಣ ಚರಿತ್ರೆಯು ಇದುವರೆಗೆ ಬಹುಮಟ್ಟಿಗೆ ಸಂಸ್ಥೆಗಳ ಚರಿತ್ರೆಯಾಗಿಯೇ ಬೆಳೆದುಬಂದಿದೆ. ಅಗ್ರಹಾರ, ಘಟಿಕಾಸ್ಥಾನ, ಮಠ, ಮದರಸಾ, ಐಗಳ ಶಾಲೆ, ಸರ್ಕಾರಿ ಶಾಲೆ ಇವುಗಳನ್ನು ಯಾರು ಸ್ಥಾಪಿಸಿದರು, ಯಾವ ದತ್ತಿಗಳು ದೊರೆತವು, ಅಲ್ಲಿ ಏನನ್ನು ಕಲಿಸಲಾಗುತ್ತಿತ್ತು ಎಂಬ ವಿವರಗಳು ಶಾಸನಗಳಿಂದಲೂ ಆಡಳಿತ ವರದಿಗಳಿಂದಲೂ ಸಂಗ್ರಹವಾಗಿವೆ. ಆದರೆ ಕಲಿಸುವವನು ತಾನು ಹೇಗೆ ಕಲಿತನು, ತನ್ನ ಬೋಧನೆ ಎಲ್ಲಿ ಫಲಿಸಲಿಲ್ಲವೆಂಬುದನ್ನು ಹೇಗೆ ಕಂಡುಕೊಂಡನು, ಕಂಡುಕೊಂಡದ್ದನ್ನು ಮತ್ತೊಬ್ಬನಿಗೆ ಹೇಗೆ ದಾಟಿಸಿದನು ಎಂಬ ಪ್ರಶ್ನೆಗಳು ಈ ಚರಿತ್ರೆಯಲ್ಲಿ ಹಿಂದೆ ಸರಿದಿವೆ.

ಮಾಡಿದ ಕೆಲಸದ ಕಡೆಗೆ ತಿರುಗಿ ನೋಡುವುದು, ನೋಡಿದ್ದನ್ನು ಇತರರ ಮುಂದಿಟ್ಟು ವಿಚಾರಿಸುವುದು, ಆ ವಿಚಾರದ ಬೆಳಕಿನಲ್ಲಿ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುವುದು, ಈ ಮೂರೂ ಕೂಡಿದ ಅಭ್ಯಾಸವನ್ನು ಪ್ರಸ್ತುತ ಪ್ರಬಂಧದಲ್ಲಿ 'ಪರ್ಯಾಲೋಚನೆ' ಎಂದು ಕರೆಯಲಾಗಿದೆ. ಆಧುನಿಕ ಶಿಕ್ಷಣಶಾಸ್ತ್ರದಲ್ಲಿ ಈ ಕಲ್ಪನೆಗೆ ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ 1910ರಲ್ಲಿ ಪ್ರಕಟಿಸಿದ 'ಹೌ ವಿ ಥಿಂಕ್' ಎಂಬ ಗ್ರಂಥವು ತಳಹದಿ ಹಾಕಿತು. ಡೊನಾಲ್ಡ್ ಶೋನ್ 1983ರಲ್ಲಿ ಪ್ರಕಟಿಸಿದ ಗ್ರಂಥವು ಕೆಲಸದ ನಡುವೆಯೇ ನಡೆಯುವ ಆಲೋಚನೆ, ಕೆಲಸ ಮುಗಿದ ಮೇಲೆ ನಡೆಯುವ ಆಲೋಚನೆ ಎಂಬ ಎರಡು ಬಗೆಗಳನ್ನು ಬೇರ್ಪಡಿಸಿ ತೋರಿಸಿತು. ಭಾರತದಲ್ಲಿ 2009ರ ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ಗುಣವನ್ನು ಶಿಕ್ಷಕ ತರಬೇತಿಯ ಮುಖ್ಯ ಗುರಿಗಳಲ್ಲಿ ಒಂದಾಗಿ ಅಂಗೀಕರಿಸಿದೆ. ಹೀಗಾಗಿ ಇದು ಹೊರಗಿನಿಂದ ಬಂದ ಹೊಸ ವಿಚಾರವೆಂಬ ಭಾವನೆ ತರಬೇತಿ ಕೇಂದ್ರಗಳಲ್ಲಿ ಬೇರೂರಿದೆ.

ಬೀದರ, ಭಾಲ್ಕಿ, ಔರಾದ, ಬಸವಕಲ್ಯಾಣ, ಹುಮನಾಬಾದಗಳನ್ನು ಒಳಗೊಂಡ ಸೀಮೆಯನ್ನು ಆಧಾರವಾಗಿಟ್ಟುಕೊಂಡು ಈ ಭಾವನೆಯನ್ನು ಪರಿಶೀಲಿಸುವುದು ಇಲ್ಲಿಯ ಉದ್ದೇಶ. 12ನೆಯ ಶತಮಾನದ ಶರಣರಿಗೆ 20ನೆಯ ಶತಮಾನದ ಪರಿಭಾಷೆಯನ್ನು ತೊಡಿಸುವ ಉದ್ದೇಶ ಇಲ್ಲಿಲ್ಲ. ಬೇರೆ ಬೇರೆ ಕಾಲಗಳಲ್ಲಿ ಈ ನೆಲದ ಮೇಲೆ ಪರ್ಯಾಲೋಚನೆ ಯಾವ ಸ್ಥಿತಿಯಲ್ಲಿ ಬದುಕಿತು, ಯಾವ ಸ್ಥಿತಿಯಲ್ಲಿ ಸೊರಗಿತು ಎಂಬುದಷ್ಟೇ ಇಲ್ಲಿ ವಿವೇಚನೆಯ ವಿಷಯ.

2. ಕಲ್ಯಾಣ: ಕಾಯಕವೇ ಪ್ರಶ್ನೆಗೆ ಒಳಗಾದ ಬಗೆ

ಕಲಚುರಿ ಬಿಜ್ಜಳನ ಕಾಲದ ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ನೆರೆದ ಶರಣ ಸಮೂಹವು ಕನ್ನಡ ನಾಡಿನ ಬೌದ್ಧಿಕ ಚರಿತ್ರೆಯ ಒಂದು ಮುಖ್ಯ ಘಟ್ಟ. ಅನುಭವ ಮಂಟಪವೆಂಬುದು ಒಂದು ಕಟ್ಟಡವಾಗಿತ್ತೇ ಅಥವಾ ಶರಣರ ಗೋಷ್ಠಿಗೆ ನಂತರದ ಕಾಲ ಕೊಟ್ಟ ಹೆಸರೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ನಮ್ಮ ವಿಷಯಕ್ಕೆ ಕಟ್ಟಡಕ್ಕಿಂತ ಗೋಷ್ಠಿಯ ಸ್ವರೂಪವೇ ಮುಖ್ಯವಾದುದು. ಮಡಿವಾಳ, ಅಂಬಿಗ, ಚಮ್ಮಾರ, ಹಡಪದವ, ಕಸಗುಡಿಸುವವಳು, ನೂಲುವವಳು, ದಂಡನಾಯಕ ಇವರೆಲ್ಲ ತಮ್ಮ ತಮ್ಮ ಕಾಯಕದ ಮಾತುಗಳಲ್ಲಿಯೇ ಮಾತನಾಡಿದರೆಂಬುದನ್ನು ವಚನಗಳು ಸ್ಪಷ್ಟಪಡಿಸುತ್ತವೆ. ವಚನಕಾರರು ತಕ್ಕಡಿ, ಮಗ್ಗ, ದೋಣಿ, ಒರಳುಗಳನ್ನು ಹಿಡಿದು ವಿಚಾರ ಮಾಡಿದ್ದು ಅಲಂಕಾರಕ್ಕಾಗಿಯಲ್ಲ. ದಿನನಿತ್ಯದ ದುಡಿಮೆಯೇ ಅವರ ಪಾಠದ ವಸ್ತುವಾಗಿತ್ತು.

ಈ ಗೋಷ್ಠಿಯ ಪದ್ಧತಿಯನ್ನು ಸವಿಸ್ತಾರವಾಗಿ ತೋರಿಸುವುದು ಶೂನ್ಯಸಂಪಾದನೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟೆಗಳನ್ನು ನಿರ್ಮಿಸುತ್ತಿದ್ದ ಸಿದ್ಧರಾಮನ ಬಳಿಗೆ ಅಲ್ಲಮಪ್ರಭು ಬರುವ ಪ್ರಸಂಗವನ್ನು ಗಮನಿಸಬಹುದು. ಅಲ್ಲಮನು ಅವನನ್ನು 'ವಡ್ಡ'ನೆಂದು ಕರೆದು ಕೆಣಕುತ್ತಾನೆ. ಕೆಲಸಗಾರರು ರೊಚ್ಚಿಗೇಳುತ್ತಾರೆ, ಸಿದ್ಧರಾಮನೂ ಕೋಪಗೊಳ್ಳುತ್ತಾನೆ. ಮುಂದೆ ನಡೆಯುವ ಸಂವಾದದಲ್ಲಿ ಕೆರೆ ಕಟ್ಟುವುದು ತಪ್ಪೆಂದು ಅಲ್ಲಮನು ಸಾಧಿಸುವುದಿಲ್ಲ. ಕೆರೆ ಕಟ್ಟುತ್ತಿರುವವನು ತನ್ನೊಳಗೆ ಏನನ್ನು ಕಟ್ಟಿಕೊಳ್ಳುತ್ತಿದ್ದಾನೆ ಎಂಬ ಪ್ರಶ್ನೆಯನ್ನು ಎತ್ತುತ್ತಾನೆ. ಉತ್ತರ ಸಿದ್ಧರಾಮನಿಂದಲೇ ಬರಬೇಕಾಗುತ್ತದೆ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಪ್ರಸಂಗವು ಇದಕ್ಕಿಂತ ಸರಳವಾದುದು, ಅಷ್ಟೇ ತೀಕ್ಷ್ಣವಾದುದು. ಗೋಷ್ಠಿಯ ಮಾತಿನಲ್ಲಿ ಮೈಮರೆತ ಮಾರಯ್ಯನಿಗೆ ಕಾಯಕದ ನೆನಪು ಮಾಡಿಕೊಡುವವಳು ಅವನ ಮಡದಿ. ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ಬಂದಾಗ ಹೆಚ್ಚಿನದನ್ನು ಮರಳಿ ಕೊಟ್ಟು ಬರುವಂತೆ ಹೇಳುವವಳೂ ಅವಳೇ.

ಈ ಎರಡು ಪ್ರಸಂಗಗಳಿಂದ ಮೂರು ಅಂಶಗಳು ತಿಳಿದುಬರುತ್ತವೆ. ಮೊದಲನೆಯದಾಗಿ, ವಿಚಾರಕ್ಕೆ ಒಳಗಾಗುವುದು ವ್ಯಕ್ತಿಯ ಪಾಂಡಿತ್ಯವಲ್ಲ, ಅವನು ಮಾಡುತ್ತಿರುವ ಕೆಲಸ. ಎರಡನೆಯದಾಗಿ, ಪ್ರಶ್ನಿಸುವ ಅಧಿಕಾರ ಪೀಠದಿಂದ ಬರುವುದಿಲ್ಲ. ಶೂನ್ಯಪೀಠದ ಅಲ್ಲಮನಷ್ಟೇ ಅಂಗಳದ ಅಕ್ಕಿ ಆಯುವವನ ಮಡದಿಗೂ ಅದು ಸಲ್ಲುತ್ತದೆ. ಮೂರನೆಯದಾಗಿ, ಮಾತು ಕಾಯಕವನ್ನು ಮರೆಸಿದರೆ ಗೋಷ್ಠಿಯೂ ವ್ಯರ್ಥವೆಂಬ ಎಚ್ಚರ ಆ ಪರಂಪರೆಯೊಳಗೇ ಇದೆ.

ಶೂನ್ಯಸಂಪಾದನೆಯು 12ನೆಯ ಶತಮಾನದ ನೇರ ವರದಿಯಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಶಿವಗಣಪ್ರಸಾದಿ ಮಹಾದೇವಯ್ಯನು ವಿಜಯನಗರದ ಕಾಲದಲ್ಲಿ ಮೊದಲು ಸಂಕಲಿಸಿದ ಈ ಕೃತಿಯನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಒಬ್ಬರ ನಂತರ ಒಬ್ಬರು ಪರಿಷ್ಕರಿಸಿದರು. ಚದುರಿಹೋಗಿದ್ದ ವಚನಗಳನ್ನು ಪ್ರಶ್ನೋತ್ತರವಾಗಿ ಜೋಡಿಸಿ, ಹಿಂದಿನವರ ಜೋಡಣೆಯಲ್ಲಿ ಕಂಡ ಕೊರತೆಯನ್ನು ಮುಂದಿನವರು ತುಂಬಿದರು. ಶರಣರು ತಮ್ಮ ಕಾಯಕದ ಕಡೆಗೆ ತಿರುಗಿ ನೋಡಿದರೆ, ಸಂಪಾದನಕಾರರು ಶರಣರ ಸಂವಾದದ ಕಡೆಗೆ ತಿರುಗಿ ನೋಡಿದರು. ಕಲ್ಯಾಣದ ಗೋಷ್ಠಿ ಚದುರಿದ ಮೇಲೆಯೂ ಅದರ ಪದ್ಧತಿ ನಮಗೆ ತಿಳಿಯುವಂತಾದದ್ದು ಈ ಬರಹದ ಪರಿಶ್ರಮದಿಂದ. 1923ರಲ್ಲಿ ಫ. ಗು. ಹಳಕಟ್ಟಿಯವರು 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದಾಗ ಅದೇ ಕೆಲಸ ಅಚ್ಚಿನ ಯುಗದಲ್ಲಿ ಮುಂದುವರಿಯಿತು.

3. ಗಾವಾನನ ಬೀದರ: ತನ್ನ ಪತ್ರಗಳನ್ನು ತಾನೇ ಪಾಠವಾಗಿಸಿದ ವಜೀರ

ಕಲ್ಯಾಣದಿಂದ ಬೀದರ ದೂರವಲ್ಲ. ಆದರೆ ಮೂರು ಶತಮಾನಗಳ ಅಂತರದಲ್ಲಿ ಇಲ್ಲಿ ಬೆಳೆದ ವಿದ್ಯಾಕೇಂದ್ರದ ಭಾಷೆ, ಆಶ್ರಯ, ಉದ್ದೇಶಗಳೆಲ್ಲ ಬೇರೆಯಾಗಿದ್ದವು. ಇರಾನಿನ ಗೀಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಖ್ವಾಜಾ ಮಹಮೂದ ಗಾವಾನನು 1472ರಲ್ಲಿ ಬೀದರಿನಲ್ಲಿ ಮದರಸಾವನ್ನು ಕಟ್ಟಿಸಿದನು. ಮೂರು ಅಂತಸ್ತಿನ ಕಟ್ಟಡ, ಉಪನ್ಯಾಸದ ಅಂಕಣಗಳು, ಗ್ರಂಥಾಲಯ, ವಿದ್ಯಾರ್ಥಿಗಳ ಮತ್ತು ಉಪಾಧ್ಯಾಯರ ವಸತಿ, ಬಣ್ಣದ ಹೆಂಚಿನ ಹೊದಿಕೆ ಇವುಗಳನ್ನು ಗುಲಾಮ ಯಜ್ದಾನಿಯವರು ಬೀದರನ್ನು ಕುರಿತು 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರವಾಗಿ ದಾಖಲಿಸಿದ್ದಾರೆ.

ಮದರಸಾದ ವಾಸ್ತುವಿಗೆ ದೊರೆತಷ್ಟು ಗಮನ ಗಾವಾನನ ಬೋಧನ ಕ್ರಮಕ್ಕೆ ದೊರೆತಿಲ್ಲ. ಆಡಳಿತದಲ್ಲಿ ತಾನು ಬರೆದ ಪತ್ರಗಳನ್ನು ಅವನು 'ರಿಯಾಜುಲ್ ಇನ್ಶಾ' ಎಂಬ ಸಂಕಲನವಾಗಿ ಉಳಿಸಿದನು. ಪತ್ರಲೇಖನದ ತತ್ತ್ವಗಳನ್ನು ನಿರೂಪಿಸುವ 'ಮನಾಜಿರುಲ್ ಇನ್ಶಾ' ಎಂಬ ಮತ್ತೊಂದು ಗ್ರಂಥವನ್ನೂ ರಚಿಸಿದನು. ಇವೆರಡನ್ನೂ ಜೊತೆಗಿಟ್ಟು ನೋಡಿದಾಗ ಒಂದು ಸಂಗತಿ ಎದ್ದುಕಾಣುತ್ತದೆ. ಸುಲ್ತಾನರಿಗೆ, ವಿದ್ವಾಂಸರಿಗೆ, ಬಂಧುಗಳಿಗೆ ಬರೆದ ಪತ್ರಗಳು ಒಂದು ಕಡೆ ಇವೆ. ಅಂತಹ ಬರಹ ಹೇಗಿರಬೇಕೆಂಬ ನಿಯಮಗಳ ವಿವೇಚನೆ ಮತ್ತೊಂದು ಕಡೆ ಇದೆ. ದೀರ್ಘಕಾಲ ಒಂದು ವೃತ್ತಿಯಲ್ಲಿ ತೊಡಗಿದ್ದವನು ತನ್ನ ಕೆಲಸವನ್ನು ಮಾದರಿಯಾಗಿಯೂ ಅದರ ಹಿಂದಿನ ತರ್ಕವನ್ನು ಶಾಸ್ತ್ರವಾಗಿಯೂ ಕಲಿಯುವವರ ಮುಂದಿಟ್ಟ ನಿದರ್ಶನ ಇದು. ಲೆಕ್ಕಪತ್ರ, ರಾಯಭಾರ, ದಫ್ತರಗಳ ಕೆಲಸ ಕಲಿಯಬೇಕಾದ ಯುವಕನಿಗೆ ಇಂತಹ ಕೃತಿಗಳು ಬಹಳ ಉಪಯುಕ್ತವಾಗಿದ್ದವು.

ಆದರೆ ಇಲ್ಲಿಯ ಪರ್ಯಾಲೋಚನೆಗೆ ಒಂದು ಮಿತಿಯೂ ಇದೆ. ಈ ಬರಹದ ಭಾಷೆ ಪಾರಸಿ. ಅದು ದರಬಾರಿನ ಭಾಷೆಯೇ ಹೊರತು ಕೋಟೆಯ ಹೊರಗಿನ ರೈತ, ನೇಕಾರ, ಬಿದರಿ ಕುಶಲಕರ್ಮಿಯ ಭಾಷೆಯಲ್ಲ. ಕಲ್ಯಾಣದ ಗೋಷ್ಠಿಯಲ್ಲಿ ಕಾಯಕದವನೇ ಮಾತನಾಡಿದರೆ, ಇಲ್ಲಿ ಮಾತು ರಾಜ್ಯಾಧಿಕಾರದ ವೃತ್ತದೊಳಗೆ ಉಳಿಯಿತು. ಆ ಅಧಿಕಾರದ ಆಶ್ರಯವೂ ಅಸ್ಥಿರವಾಗಿತ್ತು. ವಿರೋಧಿಗಳು ಅವನ ಮುದ್ರೆಯನ್ನು ದುರುಪಯೋಗಪಡಿಸಿ ಸೃಷ್ಟಿಸಿದ ಕಪಟ ಪತ್ರವೊಂದನ್ನು ನಂಬಿ 3ನೆಯ ಮುಹಮ್ಮದ ಶಾಹನು 1481ರಲ್ಲಿ ಗಾವಾನನನ್ನು ಕೊಲ್ಲಿಸಿದನು. 17ನೆಯ ಶತಮಾನದ ಕೊನೆಯಲ್ಲಿ, ಮೊಗಲರ ಆಡಳಿತ ಕಾಲದಲ್ಲಿ ಸಂಭವಿಸಿದ ಸಿಡಿಮದ್ದಿನ ಸ್ಫೋಟದಿಂದ ಮದರಸಾದ ಒಂದು ಭಾಗ ನಾಶವಾಯಿತು. ಕಟ್ಟಡ ಒಡೆದರೂ ಪತ್ರಗಳು ಪ್ರತಿಗಳ ಮೂಲಕ ಉಳಿದುಬಂದು, ಮುಂದೆ ಹೈದರಾಬಾದಿನಲ್ಲಿ ಅಚ್ಚಾದವು. ಕಲ್ಯಾಣದ ವಿಷಯದಲ್ಲಿ ಕಂಡಂತೆ ಇಲ್ಲಿಯೂ ಬೋಧನೆಯ ನೆನಪನ್ನು ಕಾಪಾಡಿದ್ದು ದಾಖಲೆಯೇ.

4. ನಿಜಾಮ ಆಳ್ವಿಕೆ ಮತ್ತು ಭಾಲ್ಕಿಯ ಶಾಲೆ

ಹೈದರಾಬಾದ ಸಂಸ್ಥಾನದಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ನೀಡಲು ಮುಂದಾದ ಮಹತ್ತ್ವದ ಪ್ರಯೋಗ. ಪಾಶ್ಚಾತ್ಯ ಶಾಸ್ತ್ರಗ್ರಂಥಗಳನ್ನು ಉರ್ದುವಿಗೆ ತರಲು ಅಲ್ಲಿ ನಡೆದ ಅನುವಾದ ಕಾರ್ಯ ಗೌರವಕ್ಕೆ ಪಾತ್ರವಾದುದು. ಆದರೆ ಸಂಸ್ಥಾನದ ಬಹುಸಂಖ್ಯಾತ ಮಕ್ಕಳ ಮನೆಮಾತು ತೆಲುಗು, ಮರಾಠಿ, ಕನ್ನಡಗಳಾಗಿದ್ದವು. ಬೀದರ ಜಿಲ್ಲೆಯ ಹಳ್ಳಿಯ ಹುಡುಗನು ಪ್ರಾಥಮಿಕ ಹಂತವನ್ನು ದಾಟಿ ಮುಂದೆ ಹೋಗಬೇಕಾದರೆ ಮನೆಯಲ್ಲಿ ಆಡದ ಭಾಷೆಯಲ್ಲಿ ಗಣಿತ, ಭೂಗೋಳಗಳನ್ನು ಕಲಿಯಬೇಕಾಗಿತ್ತು. ಖಾಸಗಿ ಶಾಲೆಗಳಿಗೆ ಸರ್ಕಾರದ ಪೂರ್ವಾನುಮತಿ ಬೇಕೆಂಬ ನಿಯಮವು ಕನ್ನಡ ಶಾಲೆಗಳ ಬೆಳವಣಿಗೆಗೆ ತೊಡಕಾಯಿತು. ಕಲಬುರಗಿಯಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯ, 1928ರಲ್ಲಿ ಕಲಬುರಗಿಯಲ್ಲಿಯೂ 1934ರಲ್ಲಿ ರಾಯಚೂರಿನಲ್ಲಿಯೂ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಗಳು ಈ ಪರಿಸ್ಥಿತಿಗೆ ದೊರೆತ ಉತ್ತರಗಳು. ರಾಯಚೂರಿನ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದವರು ಶಾಲಾ ಶಿಕ್ಷಕರಾಗಿಯೂ ಶಾಲಾ ತನಿಖಾಧಿಕಾರಿಯಾಗಿಯೂ ದುಡಿದ ಪಂಜೆ ಮಂಗೇಶರಾಯರೆಂಬುದು ಈ ದೃಷ್ಟಿಯಿಂದ ಅರ್ಥಪೂರ್ಣ.

ಬೀದರ ಸೀಮೆಯಲ್ಲಿ ಈ ಕಾರ್ಯವನ್ನು ಕೈಗೊಂಡವರಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಪ್ರಮುಖರು. ಆಗ ಔರಾದ ತಾಲ್ಲೂಕಿನಲ್ಲಿದ್ದ ಕಮಲನಗರದಲ್ಲಿ 1889ರಲ್ಲಿ ಜನಿಸಿದ ಅವರು 1999ರಲ್ಲಿ ಲಿಂಗೈಕ್ಯರಾದರು. ಕಮಲನಗರ, ಭಾಲ್ಕಿಗಳಲ್ಲಿ ಅವರು ಕಟ್ಟಿದ ಶಾಲೆಗಳು, ಬಡ ಮಕ್ಕಳಿಗಾಗಿ ನಡೆಸಿದ ವಸತಿ ಮತ್ತು ಪ್ರಸಾದದ ವ್ಯವಸ್ಥೆ, ಕಲ್ಯಾಣದಲ್ಲಿ ಅನುಭವ ಮಂಟಪದ ಕಟ್ಟಡಕ್ಕಾಗಿ ಪಟ್ಟ ಶ್ರಮ ಇವು ಸುಪರಿಚಿತ. ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ ಎಂಬುದು ಅವರ ಶಾಲೆಯನ್ನು ಕುರಿತು ಈ ಸೀಮೆಯ ಹಿರಿಯರ ಬಾಯಲ್ಲಿ ಉಳಿದುಬಂದ ಮಾತು.

ಈ ಮಾತನ್ನು ಭಾಷಾಭಿಮಾನದ ಸಾಹಸಕಥೆಯಾಗಿ ಹೇಳುವುದು ರೂಢಿ. ಬೋಧನೆಯ ದೃಷ್ಟಿಯಿಂದ ಇದಕ್ಕೆ ಮತ್ತೊಂದು ಅರ್ಥವೂ ಇದೆ. ಫಲಕಕ್ಕೂ ಪಾಠಕ್ಕೂ ಅಂತರವಿರುವ ಶಾಲೆಯಲ್ಲಿ ಶಿಕ್ಷಕನಿಗೆ ಮೇಲಿನಿಂದ ಮಾರ್ಗದರ್ಶನ ದೊರೆಯುವುದಿಲ್ಲ. ತನಿಖೆಗೆ ಬಂದವರಿಗೆ ತೋರಿಸುವುದು ಒಂದಾದರೆ ಮಕ್ಕಳೊಡನೆ ನಡೆಯುವುದು ಮತ್ತೊಂದು. ತನ್ನ ಪಾಠ ಸರಿಯಾಗಿದೆಯೇ ಎಂಬುದನ್ನು ಅವನು ಮಕ್ಕಳ ಮುಖ ನೋಡಿ, ಜೊತೆಯ ಶಿಕ್ಷಕನನ್ನು ಕೇಳಿ, ಮಠದ ಅಂಗಳದಲ್ಲಿ ಕುಳಿತು ಚರ್ಚಿಸಿ ತಿಳಿಯಬೇಕಾಗುತ್ತದೆ. ಇಂತಹ ಶಾಲೆ ಶಿಕ್ಷಕರ ಪರಸ್ಪರ ವಿಶ್ವಾಸದಿಂದಲ್ಲದೆ ಒಂದು ದಿನವೂ ನಡೆಯದು. ಶಾಲೆ, ವಸತಿ, ಮಠ ಒಂದೇ ಆವರಣದಲ್ಲಿದ್ದುದರಿಂದ ಪಾಠ ಮುಗಿದ ಮೇಲೆಯೂ ಕಲಿಸುವವರು, ಕಲಿಯುವವರು ಕೂಡಿಯೇ ಇರುತ್ತಿದ್ದರು. ಕಲ್ಯಾಣದ ಗೋಷ್ಠಿಯನ್ನು ಆದರ್ಶವಾಗಿಟ್ಟುಕೊಂಡ ಮಠವೇ ಇಂತಹ ಶಾಲೆಯ ಆಶ್ರಯವಾದದ್ದು ಕೇವಲ ಆಕಸ್ಮಿಕವೆಂದು ತೋರುವುದಿಲ್ಲ.

ಸೊಲ್ಲಾಪುರದಲ್ಲಿ ಜನಿಸಿ, ಅಲ್ಲಿ ಕನ್ನಡ ಶಿಕ್ಷಣಕ್ಕಾಗಿ ದುಡಿದು, ನಂತರ ಬಸವಕಲ್ಯಾಣದಲ್ಲಿ ನೆಲೆಸಿದ ಜಯದೇವಿತಾಯಿ ಲಿಗಾಡೆಯವರನ್ನೂ (1912-1986) ಇದೇ ಸಂದರ್ಭದಲ್ಲಿ ನೆನೆಯಬೇಕು. 1974ರ ಮಂಡ್ಯ ಸಮ್ಮೇಳನದಲ್ಲಿ ಸಾಹಿತ್ಯ ಸಮ್ಮೇಳನದ ಪ್ರಥಮ ಮಹಿಳಾ ಅಧ್ಯಕ್ಷರಾದ ಅವರು, ಮರಾಠಿ ಪರಿಸರದಲ್ಲಿ ಓದಿ ಬೆಳೆದು ಕನ್ನಡವನ್ನು ಸ್ವಪ್ರಯತ್ನದಿಂದ ಕಲಿತವರು. ಕಲಿಯುವವರ ಕಷ್ಟವನ್ನು ಸ್ವತಃ ಬಲ್ಲವರು ಕಲಿಸಲು ಮುಂದಾದದ್ದು ಈ ಗಡಿ ಸೀಮೆಯ ಕನ್ನಡ ಕಾರ್ಯದ ಒಂದು ಲಕ್ಷಣ.

5. ಏಕೀಕರಣದ ನಂತರ: ತರಬೇತಿ, ನಲಿ-ಕಲಿ, ಸಮಾಲೋಚನಾ ಸಭೆ

1948ರ ಸೆಪ್ಟೆಂಬರ್ 17ರಂದು ಹೈದರಾಬಾದ ಸಂಸ್ಥಾನದ ಸ್ವತಂತ್ರ ಆಡಳಿತ ಕೊನೆಗೊಂಡಿತು. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡ ಮತ್ತು ನ್ಯಾಲಕಲ್ ಭಾಗಗಳು ಆಂಧ್ರಪ್ರದೇಶಕ್ಕೂ ಸೇರಿದವು. ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂದಿತು. ನಕ್ಷೆಯ ಗೆರೆ ಬದಲಾದರೂ ಮನೆಮಾತುಗಳು ಬದಲಾಗಲಿಲ್ಲ. ಬೀದರ ತಾಲ್ಲೂಕಿನ ಮನ್ನಳ್ಳಿ ಹೋಬಳಿಯಿಂದ ಔರಾದ ತಾಲ್ಲೂಕಿನ ತಾಂಡಾಗಳವರೆಗೆ ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು, ಲಂಬಾಣಿ ಮಾತುಗಳು ಒಂದರೊಳಗೊಂದು ಬೆರೆತೇ ಉಳಿದವು. ಬೆಂಗಳೂರಿನಲ್ಲಿ ಸಿದ್ಧವಾದ ಪಠ್ಯಪುಸ್ತಕವನ್ನು ಇಂತಹ ತರಗತಿಯಲ್ಲಿ ಕಲಿಸಬೇಕಾದ ಶಿಕ್ಷಕನ ಸಮಸ್ಯೆ ತರಬೇತಿಯ ಕೈಪಿಡಿಯಲ್ಲಿ ಬರೆದಿರಲಿಲ್ಲ.

ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಗ್ರಾಂಥಿಕ ಕನ್ನಡದ 'ಬರುತ್ತಿದ್ದಾನೆ' ಎಂಬ ರೂಪಕ್ಕೆ ಈ ಸೀಮೆಯ ಮಗು 'ಬರ್‍ಲತ್ತಾನ' ಎನ್ನುತ್ತದೆ. ಶಿಕ್ಷಕನು ಇದನ್ನು ತಪ್ಪೆಂದು ಕೆಂಪು ಗೆರೆ ಎಳೆದರೆ ಮಗು ಮರುದಿನದಿಂದ ಮಾತನ್ನೇ ಕಡಿಮೆ ಮಾಡುತ್ತದೆ. ಅದೇ ಶಿಕ್ಷಕನು ಒಮ್ಮೆ ನಿಂತು ಯೋಚಿಸಿದರೆ, ಮಾಡ್ಲತ್ತಾನ, ಓದ್ಲತ್ತಾನ, ಬರ್‍ಲತ್ತಾನ ಎಂಬ ರೂಪಗಳೆಲ್ಲ ಒಂದೇ ನಿಯಮಕ್ಕೆ ಒಳಪಟ್ಟಿವೆಯೆಂದೂ ಮಗುವಿಗೆ ವ್ಯಾಕರಣ ಚೆನ್ನಾಗಿ ಗೊತ್ತಿದೆಯೆಂದೂ ಕಾಣುತ್ತಾನೆ. ಆಗ ಎರಡು ರೂಪಗಳನ್ನೂ ಕಪ್ಪುಹಲಗೆಯ ಮೇಲೆ ಬರೆದು, ಮನೆಯಲ್ಲಿ ಹೀಗೆ, ಪುಸ್ತಕದಲ್ಲಿ ಹೀಗೆ ಎಂದು ತೋರಿಸುವ ದಾರಿ ತೆರೆಯುತ್ತದೆ. ಈ ಅರಿವು ಒಬ್ಬ ಶಿಕ್ಷಕನಲ್ಲೇ ಉಳಿದರೆ ಅವನ ವರ್ಗಾವಣೆಯೊಂದಿಗೆ ಶಾಲೆಯಿಂದ ಹೊರಟುಹೋಗುತ್ತದೆ. ನೆರೆಯ ಹತ್ತು ಶಾಲೆಗಳ ಶಿಕ್ಷಕರ ಮುಂದೆ ಬಂದರೆ ಆ ಸೀಮೆಯ ಬೋಧನ ವಿಧಾನವಾಗುತ್ತದೆ.

ಕರ್ನಾಟಕದ ಸರ್ಕಾರಿ ಶಾಲಾ ವ್ಯವಸ್ಥೆಯಲ್ಲಿ ಶಿಕ್ಷಕರ ಇಂತಹ ಅರಿವು ಬೋಧನ ವಿಧಾನವಾಗಿ ರೂಪುಗೊಂಡ ಮುಖ್ಯ ನಿದರ್ಶನ ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರ ತಂಡವು ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ಕಂಡುಬಂದು, ಅದನ್ನು ತಮ್ಮ ಶಾಲೆಗಳಿಗೆ ಹೊಂದಿಸಿಕೊಂಡಿತು. ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡು, ಗುಂಪು ತಟ್ಟೆ, ಪ್ರಗತಿ ನೋಟ ಇವುಗಳನ್ನು ಬಳಸಿ ಪ್ರತಿ ಮಗುವು ತನ್ನ ವೇಗದಲ್ಲಿ ಮುಂದುವರಿಯುವ ಕ್ರಮ ರೂಪುಗೊಂಡಿತು. ಕಾರ್ಡುಗಳನ್ನು ತಯಾರಿಸಿದವರೂ ತರಗತಿಯಲ್ಲಿ ಪರೀಕ್ಷಿಸಿದವರೂ ಫಲಿಸದವನ್ನು ತಿದ್ದಿದವರೂ ಶಿಕ್ಷಕರೇ. 2009-10ರಲ್ಲಿ ಈ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭಿಕ ತರಗತಿಗಳಿಗೆ ವಿಸ್ತರಿಸಿ ಬೀದರ ಜಿಲ್ಲೆಗೂ ಬಂದಿತು. ಆದರೆ ಇಲ್ಲಿಗೆ ಬಂದದ್ದು ಸಿದ್ಧವಾದ ಕಾರ್ಡುಗಳ ಪೆಟ್ಟಿಗೆ. ಅವುಗಳನ್ನು ತಯಾರಿಸುವಾಗ ಕೋಟೆಯ ಶಿಕ್ಷಕರು ನಡೆಸಿದ ಚರ್ಚೆಯನ್ನು ಪೆಟ್ಟಿಗೆಯಲ್ಲಿ ಇಟ್ಟು ಕಳುಹಿಸಲು ಬರುವಂತಿರಲಿಲ್ಲ. ಒಂದು ಕಡೆ ಪರ್ಯಾಲೋಚನೆಯಿಂದ ಹುಟ್ಟಿದ್ದು ಮತ್ತೊಂದು ಕಡೆ ಆದೇಶವಾಗಿ ತಲುಪಿತು.

ಈ ಕೊರತೆಯನ್ನು ತುಂಬಬಲ್ಲ ವೇದಿಕೆ ವ್ಯವಸ್ಥೆಯೊಳಗೇ ಇದೆ. ಸಮೂಹ ಸಂಪನ್ಮೂಲ ಕೇಂದ್ರಗಳಲ್ಲಿ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಸಭೆಗೆ 'ಸಮಾಲೋಚನಾ ಸಭೆ' ಎಂಬ ಹೆಸರಿದೆ. ಮಾದರಿ ಪಾಠ, ಅದರ ಮೇಲೆ ಚರ್ಚೆ, ಕಠಿಣಾಂಶಗಳ ಪರಿಹಾರ ಅದರ ಉದ್ದೇಶ. ಪಾಠಟಿಪ್ಪಣಿಯ ಕೊನೆಯಲ್ಲಿ ಶಿಕ್ಷಕರ ಸ್ವಾವಲೋಕನಕ್ಕೆ ಸ್ಥಳ ಬಿಡುವ ಕ್ರಮವೂ ಬಂದಿದೆ. 2017ರ ಸುಮಾರಿಗೆ ರಾಜ್ಯದಲ್ಲಿ ಆರಂಭವಾದ 'ಗುರುಚೇತನ' ಕಾರ್ಯಕ್ರಮವು ತನಗೆ ಬೇಕಾದ ತರಬೇತಿಯನ್ನು ಶಿಕ್ಷಕನೇ ಆರಿಸಿಕೊಳ್ಳಬೇಕೆಂಬ ತತ್ತ್ವವನ್ನು ಮುಂದಿಟ್ಟಿತು. ಹೆಸರು, ಉದ್ದೇಶ, ನಮೂನೆಗಳ ಮಟ್ಟಿಗೆ ಯಾವುದೂ ಕಡಿಮೆಯಾಗಿಲ್ಲ. ಆದರೂ ಸಭೆಯ ಹೆಚ್ಚಿನ ಸಮಯವನ್ನು ಸುತ್ತೋಲೆಗಳ ಓದು, ಅಂಕಿಅಂಶಗಳ ಸಂಗ್ರಹ ನುಂಗಿಬಿಡುವುದು, ಸ್ವಾವಲೋಕನದ ಜಾಗದಲ್ಲಿ 'ಪಾಠ ಯಶಸ್ವಿಯಾಯಿತು' ಎಂಬ ಒಂದೇ ವಾಕ್ಯ ಪಾಠದಿಂದ ಪಾಠಕ್ಕೆ ಮರುಕಳಿಸುವುದು ಶಿಕ್ಷಣ ಕ್ಷೇತ್ರದಲ್ಲಿರುವವರಿಗೆ ಅಪರಿಚಿತ ಸಂಗತಿಯಲ್ಲ. ಇದಕ್ಕೆ ಶಿಕ್ಷಕರ ಉದಾಸೀನವನ್ನು ಮಾತ್ರ ಕಾರಣವೆನ್ನುವುದು ನ್ಯಾಯವಲ್ಲ. ಅದೇ ಟಿಪ್ಪಣಿಯನ್ನು ಮೇಲಧಿಕಾರಿ ತನಿಖೆಗೆ ತೆರೆಯುವನೆಂದಾದರೆ ಫಲಿಸದ ಪಾಠವನ್ನು ಫಲಿಸಲಿಲ್ಲವೆಂದು ಬರೆಯುವ ಧೈರ್ಯ ಯಾರಿಗೂ ಸುಲಭವಲ್ಲ.

6. ವಿವೇಚನೆ

ಮೇಲಿನ ನಾಲ್ಕು ಘಟ್ಟಗಳನ್ನು ಜೊತೆಗಿಟ್ಟು ನೋಡಿದಾಗ ಪರ್ಯಾಲೋಚನೆಗೆ ಮೂರು ಆಧಾರಗಳು ಅಗತ್ಯವೆಂದು ತೋರುತ್ತದೆ. ಮಾಡುತ್ತಿರುವ ಕೆಲಸವೇ ಚರ್ಚೆಯ ವಸ್ತುವಾಗಿರಬೇಕು. ಭಯವಿಲ್ಲದೆ ಮಾತನಾಡಬಲ್ಲ ಸಮಾನರ ಸಭೆಯೊಂದಿರಬೇಕು. ಆಡಿದ ಮಾತು ಮುಂದಿನವರಿಗೆ ದಕ್ಕುವಂತೆ ದಾಖಲೆಯಾಗಬೇಕು. ಕಲ್ಯಾಣದ ಪರಂಪರೆಯಲ್ಲಿ ಮೂರೂ ಕೂಡಿದ್ದವು. ಆದುದರಿಂದಲೇ ಗೋಷ್ಠಿ ಚದುರಿ ಎಂಟು ಶತಮಾನಗಳಾದರೂ ಅದರ ಪ್ರಶ್ನೆಗಳು ಜೀವಂತವಾಗಿವೆ. ಗಾವಾನನಲ್ಲಿ ಕೆಲಸವೂ ದಾಖಲೆಯೂ ಇದ್ದವು, ಆದರೆ ಸಭೆಯ ಬಾಗಿಲು ಕಿರಿದಾಗಿತ್ತು. ಭಾಲ್ಕಿಯ ಶಾಲೆಯಲ್ಲಿ ಕೆಲಸವೂ ವಿಶ್ವಾಸದ ಸಭೆಯೂ ಇದ್ದವು. ಗುಟ್ಟಾಗಿ ನಡೆಯಬೇಕಾದ ಪಾಠಕ್ಕೆ ಲಿಖಿತ ದಾಖಲೆ ಅಪಾಯಕಾರಿಯಾಗಿದ್ದುದರಿಂದ ಅದರ ನೆನಪು ಬಾಯಿಮಾತಿನಲ್ಲಿ ಉಳಿಯಿತು. ಇಂದಿನ ಸಮಾಲೋಚನಾ ಸಭೆಯಲ್ಲಿ ನಡಾವಳಿಯ ಪುಸ್ತಕವಿದೆ, ಸೇರುವ ಸಭೆಯಿದೆ. ಆದರೆ ಕೆಲಸ ಹಿಂದೆ ಸರಿದು ವರದಿ ಮುಂದೆ ಬಂದಿದೆ.

ಇದು ಕೇವಲ ಪರಂಪರೆಯ ಕುತೂಹಲವಲ್ಲ. ಪ್ರಾದೇಶಿಕ ಅಸಮಾನತೆಯನ್ನು ಕುರಿತ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯು ಭಾಲ್ಕಿ, ಔರಾದಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಸೇರಿಸಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ಬೀದರ ಜಿಲ್ಲೆಯದು ಶೇ. 70.51 ಇತ್ತು. ಸಂವಿಧಾನದ 371(ಜೆ) ವಿಧಿಯು ಈ ಪ್ರದೇಶಕ್ಕೆ ಅನುದಾನ, ಹುದ್ದೆ, ಪ್ರವೇಶಗಳಲ್ಲಿ ವಿಶೇಷ ಅವಕಾಶ ಕಲ್ಪಿಸಿದೆ. ಕೊಠಡಿ, ಹುದ್ದೆ, ಅನುದಾನಗಳ ಅಗತ್ಯ ನಿರ್ವಿವಾದ. ಆದರೆ ಗಾವಾನನ ಮದರಸಾದಂತಹ ಭವ್ಯ ಕಟ್ಟಡವನ್ನು ಕಂಡ ಊರಿಗೆ ಕಟ್ಟಡದಿಂದಷ್ಟೇ ವಿದ್ಯೆ ನಿಲ್ಲದೆಂಬುದನ್ನು ಬೇರೆಯವರು ಹೇಳಬೇಕಾಗಿಲ್ಲ. ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಆ ಕಟ್ಟಡದ ಹೆಸರಿಗೆ ಸಾರ್ಥಕತೆ ಬರುವುದು ಅದೇ ಜಿಲ್ಲೆಯ ಶಾಲಾ ಶಿಕ್ಷಕನು ತನ್ನ ನೆರೆಯ ಶಿಕ್ಷಕರ ಮುಂದೆ, ಈ ಪಾಠ ಮಕ್ಕಳನ್ನು ತಲುಪಲಿಲ್ಲ, ಏಕೆಂದು ನೋಡೋಣ ಎಂದು ಅಂಜಿಕೆಯಿಲ್ಲದೆ ಹೇಳಬಲ್ಲ ಸ್ಥಿತಿ ಬಂದಾಗ. ಅದಕ್ಕಾಗಿ ಸ್ವಾವಲೋಕನದ ಬರಹವನ್ನು ಮೌಲ್ಯಮಾಪನದಿಂದಲೂ ತನಿಖೆಯಿಂದಲೂ ಬೇರ್ಪಡಿಸುವುದು ಮೊದಲ ಹೆಜ್ಜೆ.

ಎರಡನೆಯ ಹೆಜ್ಜೆ ಸಂಶೋಧಕರಿಗೂ ಗ್ರಂಥಾಲಯಗಳಿಗೂ ಸಂಬಂಧಿಸಿದುದು. ಶಾಸನ, ಕಡತ, ಓಲೆಗರಿಗಳನ್ನು ಸಂಗ್ರಹಿಸುವ ನಾವು ಶಿಕ್ಷಕರ ದಿನಚರಿ, ಪಾಠಟಿಪ್ಪಣಿ, ಕೈಬರಹದ ಕಾರ್ಡು, ಸಮೂಹ ಸಂಪನ್ಮೂಲ ಕೇಂದ್ರಗಳ ಸಭಾ ನಡಾವಳಿಗಳನ್ನು ಚಾರಿತ್ರಿಕ ಆಕರವೆಂದು ಪರಿಗಣಿಸುವುದು ವಿರಳ. ಶಿಕ್ಷಕರು ನಿವೃತ್ತರಾದೊಡನೆ ಇವು ರದ್ದಿಯ ಪಾಲಾಗುತ್ತವೆ. ಬೀದರ, ಭಾಲ್ಕಿ, ಔರಾದಗಳ ಹಿರಿಯ ಶಿಕ್ಷಕರ ಬರಹಗಳನ್ನೂ ಬಾಯಿಮಾತಿನ ನೆನಪುಗಳನ್ನೂ ತಾಲ್ಲೂಕುವಾರು ಸಂಗ್ರಹಿಸಿ, ಶಿಕ್ಷಕ ತರಬೇತಿ ಸಂಸ್ಥೆಗಳ ಗ್ರಂಥಾಲಯಗಳಲ್ಲಿ ಓದುಗರಿಗೆ ದೊರೆಯುವಂತೆ ಮಾಡಿದರೆ, ಬಹುಭಾಷಾ ತರಗತಿಯಲ್ಲಿ ಕನ್ನಡ ಕಲಿಸಿದವರ ಅರಿವು ಮುಂದಿನ ಪೀಳಿಗೆಗೆ ಆಕರವಾಗುತ್ತದೆ. ಚದುರಿದ ವಚನಗಳನ್ನು ಜೋಡಿಸಿ ಸಂಪಾದನಕಾರರು ಕಲ್ಯಾಣದ ಗೋಷ್ಠಿಯನ್ನು ಉಳಿಸಿಕೊಟ್ಟರು. ಈ ಸೀಮೆಯ ಶಾಲೆಗಳ ಮಾತನ್ನು ಉಳಿಸಿಕೊಡುವ ಕೆಲಸಕ್ಕೆ ಸಂಪಾದನಕಾರರು ಇನ್ನೂ ಬರಬೇಕಾಗಿದೆ.